ನೂರು ಎಳೆಯ ತುಂಡು

ನಮ್ಮ ಊರಿನಲ್ಲಿ ಐದು ಜನರಿರುವ ಮನೆಗೆ ಮಣ್ಣಿನ ಖರ್ಚು ವರ್ಷಕ್ಕೆ ಹೀಗೆ ಬರುತ್ತದೆ: ಚಪ್ಪಲಿ ಒಂಬತ್ತು ಜೊತೆ, ಟೊಪ್ಪಿಗೆ ಮೂರು, ಸೀರೆಯ ಅಂಚು ಹನ್ನೆರಡು ಮೊಳ, ಕೌದಿ ಒಂದು, ಶಾಲೆಯ ಪುಸ್ತಕ ನಾಲ್ಕು, ಗೋಣಿಚೀಲಕ್ಕೆ ಲೆಕ್ಕವಿಲ್ಲ. ಮದುವೆಯ ವರ್ಷವಾದರೆ ಇದರ ಮೇಲೆ ಒಂದು ಜಮಖಾನೆ. ಮನೆಯ ಗಂಡಸು ಕುಡಿಯುವವನಾದರೆ ಧೋತರದ ಖರ್ಚು ಬೇರೆ. ಅವನು ಎಲ್ಲಿ ಬೀಳುತ್ತಾನೆಂದು ಹೇಳಲಾಗುವುದಿಲ್ಲ. ಬಿದ್ದಲ್ಲಿಂದ ಎದ್ದು ಬರುವಾಗ ಮೈಮೇಲೆ ಬೆಳ್ಳಿಯ ಉಡದಾರವೊಂದು ಉಳಿದಿರುತ್ತದೆ.

ನಮ್ಮ ಮಣ್ಣು ತಿನ್ನುತ್ತದೆ. ಜೀವವಿದ್ದದ್ದನ್ನು ಮುಟ್ಟುವುದಿಲ್ಲ; ಬೀಜ, ಬೇರು, ಮಕ್ಕಳ ಅಂಗಾಲು ಅದಕ್ಕೆ ಬೇಡ. ನೂಲು, ತೊಗಲು, ಕಾಗದ, ಹುಲ್ಲು, ಸಗಣಿ ಬಿದ್ದರೆ ಬಿಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಮಂಚದ ಕಾಲುಗಳು ಕಲ್ಲಿನ ಬಟ್ಟಲಿನಲ್ಲಿ ನಿಂತಿರುತ್ತವೆ, ಅಂಗಳಕ್ಕೆಲ್ಲ ಪರಸಿಕಲ್ಲು ಹಾಸಿರುತ್ತದೆ. ಹೊಲಕ್ಕೆ ಹೋಗುವವರು ಬುತ್ತಿಯ ಜೊತೆ ಕೂರಲು ಒಂದು ಕಲ್ಲನ್ನೂ ಹೊತ್ತೊಯ್ಯುತ್ತಾರೆ. ಬೀಗರು ಬಂದರೆ ನೀರು ಕೊಡುವುದಕ್ಕಿಂತ ಮೊದಲು, "ಕೈಚೀಲ ಗೂಟಕ್ಕ ಹಾಕ್ರಿ," ಎನ್ನುತ್ತೇವೆ. ನೈಲಾನ್ ಉಟ್ಟರೆ ಮಣ್ಣು ಮುಟ್ಟುವುದಿಲ್ಲ, ನಿಜ. ಆದರೆ ನಮ್ಮ ಬಿಸಿಲಿನಲ್ಲಿ ನೈಲಾನ್ ಉಟ್ಟವರನ್ನು ತುರಿಕೆ ತಿನ್ನುತ್ತದೆ.

ನಾನು ಜನಾಬಾಯಿ, ಸಿಂಪಿಗೇರ ಮನೆಯವಳು. ಊರಿಗೆಲ್ಲ ಇರುವ ಒಂದೇ ಹೊಲಿಗೆ ಮಷಿನ್ ನನ್ನದು. ಮಣ್ಣು ತಿಂದದ್ದನ್ನು ನಾನು ಹೊಲಿದು ಕೊಡುತ್ತೇನೆ, ನಾನು ಹೊಲಿದದ್ದನ್ನು ಮಣ್ಣು ತಿನ್ನುತ್ತದೆ. ಹೀಗೆ ಮೂವತ್ತು ವರ್ಷದಿಂದ ನಮ್ಮಿಬ್ಬರ ವ್ಯವಹಾರ ನಡೆದಿದೆ. ಬೈಯುವವರು ಮಣ್ಣನ್ನು ಬೈಯುತ್ತಾರೆ, ನನ್ನನ್ನಲ್ಲ. ಅಷ್ಟರಮಟ್ಟಿಗೆ ನನ್ನ ಪಾಲು ಹಗುರ.

ಆದರೆ ಬೈಯುವವರೂ ಒಂದು ಮಾತು ಒಪ್ಪುತ್ತಾರೆ. ಹಳ್ಳವಿಲ್ಲ, ಕೆರೆಯಿಲ್ಲ, ಮಳೆಯೊಂದನ್ನೇ ನಂಬಿದ ಹೊಲಗಳು ನಮ್ಮವು. ಸಂಜೆ ಚೆಲ್ಲಿದ ಗೊಬ್ಬರ ಬೆಳಗಾಗುವುದರೊಳಗೆ ಮಣ್ಣಾಗಿರುತ್ತದೆ. ಒಂದು ಹಿಡಿ ತೆಗೆದರೆ ಅದರಲ್ಲಿ ಅರ್ಧ ಓಡಾಡುತ್ತಿರುತ್ತದೆ: ಎರೆಹುಳ, ಗೆದ್ದಲು, ಕಣ್ಣಿಗೆ ಕಾಣುವ ನುಸಿ, ಕಾಣದ ಇನ್ನೇನೋ. ಅವು ಕೊರೆದ ತೂತುಗಳಲ್ಲಿ ಮಳೆ ಬಿದ್ದ ಹಾಗೆಯೇ ಇಳಿದುಹೋಗುತ್ತದೆ, ಒಂದು ಹನಿಯೂ ಹರಿದು ಓಡುವುದಿಲ್ಲ. ಬೇರೆ ಊರುಗಳಲ್ಲಿ ಮೂರು ಮಳೆಗೆ ಬರುವ ಜೋಳ ನಮ್ಮಲ್ಲಿ ಒಂದೇ ಮಳೆಗೆ ಬರುತ್ತದೆ.

ಈ ಊರಿನಲ್ಲಿ ಮೊದಲು ಎಣ್ಣಿ ಹೊಡೆದವನು ಅಡಿವೆಪ್ಪ. ಎಣ್ಣಿ ಎಂದರೆ ಹುಳ ಕೊಲ್ಲುವ ಔಷಧಿ. ಅವನ ತೊಗರಿಗೆ ಕೀಡಿ ಬಿದ್ದ ವರ್ಷ ಎಲ್ಲಿಂದಲೋ ಡಬ್ಬಿ ತಂದು ಹೊಡೆದ. ಕೀಡಿ ಸತ್ತವು. ಸಂತೋಷಕ್ಕೆ ಇನ್ನೊಂದು ಸಲ ಹೊಡೆದ, ಧೈರ್ಯಕ್ಕೆ ಮತ್ತೊಂದು ಸಲ. ಮರುವರ್ಷ ಕೀಡಿ ಬರುವುದಕ್ಕೆ ಮುಂಚೆಯೇ ಹೊಡೆದ. ಒಂದು ದಿನ ಬದುವಿನ ಕೆಳಗೆ ಟವೆಲ್ ಮರೆತು ಹೋದವನು ಮೂರು ದಿನದ ಮೇಲೆ ಬಂದು ನೋಡಿದರೆ ಟವೆಲ್ ಬಿದ್ದಲ್ಲೇ ಬಿದ್ದಿತ್ತು, ಮಡಿಕೆ ಕೂಡ ಕೆಟ್ಟಿರಲಿಲ್ಲ. ಅದನ್ನು ಹೆಗಲ ಮೇಲೆ ಹಾಕಿಕೊಂಡು ಓಣಿ ಓಣಿ ಸುತ್ತಿದ.

"ಜನಾಕ್ಕಾ, ನನ್ನ ಹೊಲ ಮರ್ಯಾದಿ ಕಲ್ತದ ನೋಡು. ಕೊಟ್ಟದ್ದಷ್ಟ ತಿಂತದ, ಇಟ್ಟದ್ದು ಮುಟ್ಟೂದಿಲ್ಲ," ಎಂದು ನನ್ನ ಅಂಗಡಿಯ ಮುಂದೆ ನಿಂತು ಟವೆಲ್ ಕೊಡವಿದ.

ಆ ಬೇಸಿಗೆ ಇಡೀ ಊರು ಅಡಿವೆಪ್ಪನ ಹೊಲದಲ್ಲಿತ್ತು. ಹೆಂಗಸರು ಅಲ್ಲಿ ಸೀರೆ ಹಾಸಿ ಸಂಡಿಗೆ ಇಟ್ಟರು. ಮಕ್ಕಳು ಪಾಟಿಚೀಲ ಬಿಸಾಕಿ ಆಡಿದರು. ಎರಡು ಮದುವೆಯ ಊಟ ಅಲ್ಲೇ ನಡೆಯಿತು. ನೆಲದ ಮೇಲೆ ಎಲೆ ಹಾಕಿ, ನೆಲದ ಮೇಲೇ ಕೂತು ಜನ ಉಂಡರು. ನಮ್ಮೂರಿನವರು ಅದಕ್ಕಿಂತ ಮುಂಚೆ ಮಣ್ಣಿನ ಮೇಲೆ ಕೂತವರಲ್ಲ. ನಾನೂ ಕೂತೆ, ಸುಳ್ಳು ಹೇಳುವುದಿಲ್ಲ. ತೊಡೆಯ ಕೆಳಗೆ ಬೆಚ್ಚಗೆ, ಮೆತ್ತಗೆ ಇತ್ತು. ಚಾವಡಿಯ ಹಿರಿಯ ತೋಟಪ್ಪಜ್ಜ ಎಂಬತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಬರೀ ನೆಲದ ಮೇಲೆ ಅಂಗಾತ ಮಲಗಿದ. ಸಂಜೆ ಎಬ್ಬಿಸಲು ಹೋದ ಮೊಮ್ಮಗಳಿಗೆ, "ನನ್ನ ಇಲ್ಲೇ ಬಿಟ್ಟು ಹೋಗವಾ, ನಿಮ್ಮ ಮನೀ ಕಲ್ಲು ನನ್ನ ಬೆನ್ನಿಗೆ ಸಾಕಾಗ್ಯದ," ಎಂದ.

ನನ್ನ ಕಣ್ಣು ಬೇರೆ ಕಡೆ ಹೋಗಿತ್ತು. ಹೋದ ವರ್ಷದ ಜೋಳದ ಕೂಳೆ ಅವನ ಹೊಲದಲ್ಲಿ ಕೊಯ್ದ ಹಾಗೆಯೇ ನಿಂತಿತ್ತು. ಗೊಬ್ಬರ ಒಣಗಿ ಕುಳ್ಳಿನ ಹಾಗೆ ಬಿದ್ದಿತ್ತು. ಸಂಡಿಗೆಯ ಪಕ್ಕದಲ್ಲಿ ಸತ್ತ ಕಾಗೆಯೊಂದು ನಾಲ್ಕು ದಿನ ಪೂರ್ತಿ ಕಾಗೆಯಾಗಿಯೇ ಉಳಿದಿತ್ತು. ಬಟ್ಟೆಯಲ್ಲಿ ಬಣ್ಣ ಹೋಗುವುದನ್ನು ಅಂಚಿನಲ್ಲೇ ಹಿಡಿಯುವವಳು ನಾನು. ಇಲ್ಲೂ ಏನೋ ಹೋಗುತ್ತಿದೆ ಅನ್ನಿಸಿತು.

ಮೊದಲ ಮಳೆಯಾಯಿತು. ಎಲ್ಲರ ಹೊಲ ನೀರು ಕುಡಿಯಿತು. ಅಡಿವೆಪ್ಪನ ಹೊಲದಲ್ಲಿ ಮಾತ್ರ ನೀರು ನಿಂತು, ಕೆಂಪಗಾಗಿ, ಬದು ದಾಟಿ ಕೆಳಗಿನ ನೀಲಕ್ಕನ ಹೊಲಕ್ಕೆ ಹರಿಯಿತು. ನೀಲಕ್ಕ ಒಂಟಿ ಹೆಂಗಸು, ಮೂರು ಎಕರೆಯ ಒಡತಿ, ನನ್ನ ಗೆಳತಿ. ಬಾಯಿ ಜೋರು. ಆ ಮೂರು ಎಕರೆ ಬಿಟ್ಟರೆ ಅವಳಿಗೆ ಬೇರೆ ಆಸರೆಯಿಲ್ಲ.

ನಮ್ಮಲ್ಲಿ ಮೊದಲ ಮಳೆಯ ಮೇಲೆ, ಕೂರಿಗೆ ಹೂಡುವ ಮುಂಚೆ, ಹಳೇ ಧೋತರದ ಚೂರೊಂದನ್ನು ಹೊಲದಲ್ಲಿ ಹುಗಿಯುತ್ತಾರೆ. ಅದಕ್ಕೆ ತುತ್ತು ಎನ್ನುತ್ತೇವೆ. ಮರುದಿನ ಚೂರು ಕಾಣದಿದ್ದರೆ ಬಿತ್ತನೆ ಶುರು. ಅಡಿವೆಪ್ಪನ ತುತ್ತು ಎಂಟು ದಿನವಾದರೂ ಇದ್ದಲ್ಲೇ ಇತ್ತು.

"ಹೊಟ್ಟಿ ತುಂಬ್ಯದ ಅದಕ್ಕ," ಎಂದ ಅವನು. "ಉಂಡು ಕುಂತವರಿಗೆ ಮತ್ತ ಬಡಸ್ತೀರೇನು?"

ಜನ ನಕ್ಕರು. ಅದೇ ಬುಧವಾರ ಸಂಜೆ ಚಾವಡಿಯಲ್ಲಿ ಮಾತು ಬಂತು: ಉಳಿದ ಹನ್ನೆರಡು ಹೊಲಗಳಿಗೂ ಎಣ್ಣಿ ಹೊಡೆದುಬಿಟ್ಟರೆ ಹೇಗೆ?

"ಸೋಮವಾರ ಗಾಡಿ ಬರ್ತದ," ಎಂದ ಅಡಿವೆಪ್ಪ. "ಹೂಂ ಅಂದ್ರ ಎಲ್ಲಾರಿಗೂ ಸಾಲುವಷ್ಟು ಇಳಿಸ್ತಾರ. ಬರೂ ವರ್ಷ ಹೊಲಕ್ಕ ಕಲ್ಲು ಹೊರೂದು ತಪ್ಪತದ."

ನೀಲಕ್ಕ ಮೊದಲು ಕೈ ಎತ್ತಿದಳು. "ನನ್ನ ಹೆಸರು ಬರಕೋ. ಕಳೆ ತಗಿಯಾಕ ಕುಂತ್ರ ಸೀರಿ ಇಲ್ದ ಏಳಬೇಕಾಗ್ಯದ. ಈ ವಯಸ್ಸಿಗೆ ಇದೇನು ಚಂದ?"

"ಬ್ಯಾಡ್ರಿ," ಎಂದೆ ನಾನು. ಕೂಳೆಯ ಮಾತು, ಕಾಗೆಯ ಮಾತು, ನೀರು ನಿಂತ ಮಾತು ಎಲ್ಲ ಹೇಳಿದೆ.

ಹಿಂದಿನಿಂದ ಯಾರೋ ಅಂದರು: "ಜನಾಬಾಯಿ ಬ್ಯಾಡ ಅನ್ನದ ಮತ್ತೇನಂತಾಳ? ಮಣ್ಣು ತಿನ್ನೂದು ಬಿಟ್ರ ಆಕಿ ಏನು ತಿನ್ನಬೇಕು?"

ಚಾವಡಿಯ ಕಂಬಗಳೂ ನಕ್ಕ ಹಾಗಾಯಿತು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಕಷ್ಟ. ಊರಿನ ಮಣ್ಣೆಲ್ಲ ಹಸಿವು ಬಿಟ್ಟರೆ ನನ್ನ ಮಷಿನ್ ತುಕ್ಕು ಹಿಡಿಯುತ್ತಿತ್ತು. ಲಾಭವಿರುವವಳು ಸತ್ಯ ಹೇಳಿದರೂ ಅದು ವ್ಯಾಪಾರದ ಹಾಗೆ ಕೇಳಿಸುತ್ತದೆ.

ತೋಟಪ್ಪಜ್ಜ ಕೋಲು ಕುಟ್ಟಿದ. ಅವನಿಗೂ ನೆಲದ ಮೇಲೆ ಮಲಗುವ ಆಸೆ. ಆದರೆ ನ್ಯಾಯದಲ್ಲಿ ಕೂತಾಗ ಆಸೆಯನ್ನು ಪಕ್ಕಕ್ಕಿಡುವ ಮುದುಕ. "ನೀ ಅರಿವಿ ಅಳಿಯಾಕಿ. ಹೊಲಾನೂ ಅಳದು ತೋರಸು. ರವಿವಾರ ಮುಂಜಾನೆ ಮಟ ಟೈಮು. ಬಾಯಿಲೆ ಹೇಳಬ್ಯಾಡ, ಲೆಕ್ಕಲೆ ಹೇಳು."

ಮನೆಗೆ ಬಂದು ಯೋಚಿಸಿದೆ. ತುತ್ತು ಹಾಕುವವರು ತಿಂದಿತೋ ಇಲ್ಲವೋ ಅಷ್ಟನ್ನೇ ನೋಡುತ್ತಾರೆ. ಎಷ್ಟು ತಿಂದಿತು ಎಂದು ನೋಡುವವರಿಲ್ಲ. ಒಂದೇ ಥಾನಿನ ದಪ್ಪ ಖಾದಿ ತೆಗೆದು, ಒಂದೊಂದರಲ್ಲೂ ಎಣಿಸಿ ನೂರು ಎಳೆ ಇರುವ ಹಾಗೆ ಅಂಗೈಯಗಲದ ತುಂಡು ಕತ್ತರಿಸಿದೆ. ಹದಿಮೂರು ಹೊಲ, ಹೊಲಕ್ಕೆ ಎರಡು, ಒಟ್ಟು ಇಪ್ಪತ್ತಾರು. ಒಂದು ಹಗಲು ಒಂದು ರಾತ್ರಿ ಹುಗಿದಿಟ್ಟು, ತೆಗೆದು, ಉಳಿದ ಎಳೆ ಎಣಿಸಿದರೆ ಯಾವ ಮಣ್ಣಿಗೆ ಎಷ್ಟು ಹಸಿವೆಂದು ನೂರರಲ್ಲಿ ಹೇಳಬಹುದು. ದಾರಿಯಲ್ಲಿ ಕೈಜಾರಿ ಬಿದ್ದು ಮಣ್ಣುಪಾಲಾಗದಿರಲಿ ಎಂದು ತುಂಡುಗಳನ್ನೆಲ್ಲ ಅಡಿವೆಪ್ಪ ಕೊಟ್ಟ ಬಿಳಿ ಚೀಲದಲ್ಲಿ ತುಂಬಿದೆ. ಎಣ್ಣಿಯ ಡಬ್ಬಿಗಳು ಬರುತ್ತಿದ್ದ ಚೀಲ ಅದು. ಮಣ್ಣು ಮುಟ್ಟದ ಚೀಲವೆಂದು ಊರಿನ ಹೆಂಗಸರೆಲ್ಲ ಅವನಿಂದ ಒಂದೊಂದು ಕೇಳಿ ಪಡೆದಿದ್ದೆವು. ನಮ್ಮಲ್ಲಿ ಹೆಣ್ಣು ಕೊಡುವಾಗ ಅಂಥ ಚೀಲವೊಂದನ್ನೂ ಕೊಡುವ ರೂಢಿ ಆಗಲೇ ಶುರುವಾಗಿತ್ತು.

ಗುರುವಾರ ಹೊತ್ತು ಮೂಡುವಾಗ ಹುಗಿದೆ. ಜಾಗದ ಗುರುತಿಗೆ ಕಬ್ಬಿಣದ ಮೊಳೆ ನೆಟ್ಟೆ. ಶುಕ್ರವಾರ ಹೊತ್ತು ಮೂಡುವಾಗ ಹತ್ತಾರು ಜನ ನನ್ನ ಹಿಂದೆ ಬಂದರು. ಮೊದಲು ಅಡಿವೆಪ್ಪನ ಹೊಲ: ನೂರಕ್ಕೆ ನೂರು ಎಳೆ ಹಾಗೆಯೇ ಇತ್ತು. ನಾನು ಸ್ವಲ್ಪ ಎದೆಯುಬ್ಬಿಸಿದೆ. ಆಮೇಲೆ ನೀಲಕ್ಕನ ಹೊಲ: ಅಲ್ಲೂ ನೂರು. ತೋಟಪ್ಪಜ್ಜನ ಹೊಲದಲ್ಲೂ ನೂರು. ಹನ್ನೆರಡನೆಯ ಹೊಲಕ್ಕೆ ಬರುವಷ್ಟರಲ್ಲಿ ನನ್ನ ಹಿಂದಿದ್ದವರು ನಕ್ಕು ನಕ್ಕು ಬದುವಿನ ಕಲ್ಲಿನ ಮೇಲೆ ಕೂತಿದ್ದರು. ಇಪ್ಪತ್ತಾರು ತುಂಡಿನಲ್ಲಿ ಒಂದು ಎಳೆಯನ್ನೂ ಯಾವ ಮಣ್ಣೂ ಮುಟ್ಟಿರಲಿಲ್ಲ.

"ಜನಾಕ್ಕಾ, ನಿನ್ನ ಹೊಲಿಗಿ ಮಣ್ಣಿಗೂ ಸೇರವಲ್ದು!" ಎಂದ ಒಬ್ಬ.

"ಇಲ್ರೀ, ಊರ ಮಣ್ಣೆಲ್ಲಾ ಏಕಾದಶಿ ಹಿಡದಾವು," ಎಂದ ಇನ್ನೊಬ್ಬ.

ಅಡಿವೆಪ್ಪನಿಗೆ ಮಾತ್ರ ನಗು ಬರಲಿಲ್ಲ, ಆನಂದವಾಯಿತು. "ನೋಡ್ರಿ, ನೆರೆಹೊರೆಯ ಗುಣ! ನನ್ನ ಹೊಲ ನೋಡಿ ಎಲ್ಲಾ ಹೊಲ ಸುಧಾರಿಸ್ಯಾವು," ಎಂದು ಕೈ ಮುಗಿದ.

ನಾನು ಮನೆಗೆ ಬಂದು ಮಷಿನ್ ಮುಂದೆ ಕೂತೆ. ಕಾಲು ತುಳಿಯಲಿಲ್ಲ.

ಮಧ್ಯಾಹ್ನ ನೀಲಕ್ಕ ಬಂದಳು. ಬೈಯಲು ಬಂದಳೆಂದುಕೊಂಡೆ. ಅವಳು ಸೆರಗಿನಿಂದ ಬಟ್ಟೆಯ ಒಂದು ಮೂಲೆಯನ್ನು ತೆಗೆದು ನನ್ನ ಮುಂದಿಟ್ಟಳು. "ನನ್ನ ತಲಿವಸ್ತ್ರ. ಊಟಾ ಮಾಡೂವಾಗ ಜಾರಿ ಬಿತ್ತು, ಬುತ್ತಿ ಕಟ್ಟಿ ಏಳೂದ್ರಾಗ ತಿಂದು ಮುಗಿಸ್ಯದ. ಏಕಾದಶಿ ಹಿಡದ ಮಣ್ಣು ಹಿಂಗ ತಿಂತದೇನ? ಆದ್ರ ಈ ಮೂಲಿ ಬಿಟ್ಟದ. ಯಾಕ ಬಿಟ್ಟದ ನೋಡಿ ಹೇಳು. ಅರಿವಿ ನಿನ್ನ ಕಸಬು."

ನೋಡಿದೆ. ಕತ್ತರಿಯಿಂದ ಕತ್ತರಿಸಿದ ಹಾಗೆ ದುಂಡಗೆ ಅಂಚು ಬಂದಿತ್ತು.

"ಈ ಮೂಲಿ ಎಲ್ಲಿ ಬಿದ್ದಿತ್ತು?"

"ನೀ ತುಂಡು ಹುಗಿದ ಕುಣಿ ಮ್ಯಾಲ. ಮೊಳೀ ಹತ್ರ."

ಎದ್ದು ಗೂಟದ ಮೇಲಿನ ಬಿಳಿ ಚೀಲ ಇಳಿಸಿ ಮೂಸಿದೆ. ಎರಡು ಸಲ ತೊಳೆದಿದ್ದೆ. ಆದರೂ ಮೂಗಿನ ಒಳಗೆ ಸಣ್ಣ ಸೂಜಿ ಆಡಿದ ಹಾಗಾಯಿತು. ತುಂಡುಗಳು ಆ ಚೀಲದಲ್ಲಿದ್ದದ್ದು ಒಂದೇ ರಾತ್ರಿ. ಅಷ್ಟಕ್ಕೇ ಅವು ಊರಿನ ಮಣ್ಣಿಗೆಲ್ಲ ಬೇಡವಾಗಿದ್ದವು. ಬೇಡವಾದದ್ದಷ್ಟೇ ಅಲ್ಲ, ಹುಗಿದ ಜಾಗದ ಹಸಿವನ್ನೂ ಕೊಂದಿದ್ದವು.

"ಹಾಟ್ಯಾಳಿ!" ಎಂದಳು ನೀಲಕ್ಕ. "ಎಣ್ಣಿ ಬ್ಯಾಡ ಅಂತ ಹೇಳಾಕ ಹೋಗಿ ನೀನ ಎಲ್ಲಾರ ಹೊಲಕ್ಕ ಎಣ್ಣಿ ಇಟ್ಟು ಬಂದಿ."

ಆ ಸಂಜೆ ಹೊಸ ಥಾನು ಬಿಚ್ಚಿದೆ. ನೀಲಕ್ಕ ತುಂಡುಗಳನ್ನು ಬೂದಿನೀರಿನಲ್ಲಿ ಕುದಿಸಿ ಒಣಹಾಕಿದಳು. ಈ ಸಲ ಹಿತ್ತಾಳೆಯ ಡಬ್ಬಿ. ಈ ಸಲ ಎಣಿಸುವವಳು ನಾನಲ್ಲ ಎಂದೂ ತೀರ್ಮಾನಿಸಿದೆ. ಅಡಿವೆಪ್ಪನ ಮನೆಗೆ ಹೋಗಿ, "ತಮ್ಮಾ, ನೀನ ಎಣಸು. ನಾ ಎಣಿಸಿದ್ರ ಯಾರೂ ನಂಬೂದಿಲ್ಲ, ನೀ ಎಣಿಸಿದ್ರ ಎಲ್ಲಾರೂ ನಂಬ್ತಾರ," ಎಂದೆ. ಅವನು ಖುಷಿಯಿಂದ ಒಪ್ಪಿದ. ಶನಿವಾರ ಬೆಳಿಗ್ಗೆ ಹಳೇ ಮೊಳೆಗಳಿಂದ ದೂರದಲ್ಲಿ ಮತ್ತೆ ಇಪ್ಪತ್ತಾರು ಹುಗಿದೆವು. ನೀಲಕ್ಕನ ಹೊಲದಲ್ಲಿ ಮೂರು ಹೆಚ್ಚಿಗೆ: ಬದುವಿಗೆ ಅಂಟಿ ಒಂದು, ಹತ್ತು ಹೆಜ್ಜೆಗೆ ಒಂದು, ಇಪ್ಪತ್ತಕ್ಕೆ ಒಂದು. ನೀರು ಹರಿದು ಬಂದ ದಾರಿಯನ್ನು ನಾನು ಮರೆತಿರಲಿಲ್ಲ.

ಭಾನುವಾರ ಚಾವಡಿ ತುಂಬಿತ್ತು. ಮೊದಲು ನನ್ನ ತಪ್ಪನ್ನು ನಾನೇ ಹೇಳಿದೆ. ಚೀಲ ತೋರಿಸಿದೆ, ನೀಲಕ್ಕನ ತಲೆವಸ್ತ್ರದ ಮೂಲೆ ತೋರಿಸಿದೆ. "ನಿಮ್ಮ ಹನ್ನೆರಡು ಹೊಲದಾಗ ಇಪ್ಪತ್ನಾಲ್ಕು ಅಂಗೈಯಷ್ಟು ಮಣ್ಣು ನನ್ನ ಕೈಯಾಗ ಕೆಟ್ಟದ," ಎಂದೆ. ನಗುವವರು ನಕ್ಕರು. ಕೆಲವು ಹೆಂಗಸರು ತಮ್ಮ ತೊಡೆಯ ಮೇಲಿದ್ದ ಬಿಳಿ ಚೀಲವನ್ನು ಮೆಲ್ಲಗೆ ಕೆಳಗಿಟ್ಟರು.

ಆಮೇಲೆ ಅಡಿವೆಪ್ಪ ಎಣಿಸಲು ಕೂತ. ಹನ್ನೊಂದು ಹೊಲದ ತುಂಡುಗಳಲ್ಲಿ ಎಣಿಸಲು ಹೆಚ್ಚೇನೂ ಇರಲಿಲ್ಲ. ನಾಲ್ಕು ಎಳೆ, ಏಳು ಎಳೆ, ಒಂದರಲ್ಲಿ ಮೂರು. ಅವನ ಹೊಲದ ತುಂಡು ಬಂತು. ಗಟ್ಟಿಯಾಗಿ ಎಣಿಸಿದ. ತೊಂಬತ್ತಕ್ಕೆ ಬಂದಾಗ ಧ್ವನಿ ಇಳಿಯಿತು. "ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು." ಇನ್ನೊಂದನ್ನು ಎಣಿಸಿದ. ಅದೂ ನೂರು.

"ಅದಕ್ಕ ಮರ್ಯಾದಿ ಅಂತೀನಿ ನಾ," ಎಂದ, ಆದರೆ ಯಾರೂ ನಗಲಿಲ್ಲ.

ಕೊನೆಗೆ ನೀಲಕ್ಕನ ಹೊಲದ್ದು. ನಡುಹೊಲದ ತುಂಡಿನಲ್ಲಿ ಎಂಟು ಎಳೆ ಉಳಿದಿತ್ತು. ಇಪ್ಪತ್ತು ಹೆಜ್ಜೆಯದರಲ್ಲಿ ಮೂವತ್ತೊಂಬತ್ತು. ಹತ್ತು ಹೆಜ್ಜೆಯದರಲ್ಲಿ ಎಪ್ಪತ್ತೊಂದು. ಬದುವಿನದರಲ್ಲಿ ತೊಂಬತ್ತಾರು.

ನೀಲಕ್ಕ ಎದ್ದು ನಿಂತಳು. ಜೋರು ಬಾಯಿಯವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. "ಅಣ್ಣಾ, ನಾ ಎಣ್ಣಿ ಹೊಡದಿಲ್ಲ. ಡಬ್ಬಿ ಮುಟ್ಟಿಲ್ಲ. ನನ್ನ ಹೊಲ ಯಾಕ ಉಪಾಸ?"

"ಜನಾಕ್ಕನ ಅರಿವಿ ಮತ್ತ ಕೆಟ್ಟಿರಬೇಕು," ಎಂದ ಅಡಿವೆಪ್ಪ.

"ಅದ ಅರಿವಿ ನಡುಹೊಲದಾಗ ತಿಂದದ. ನೀನ ಎಣಿಸೀದಿ," ಎಂದಳು ನೀಲಕ್ಕ.

ಅಡಿವೆಪ್ಪ ಎಳೆಗಳನ್ನು ಕೈಯಲ್ಲಿ ತಿರುಗಿಸುತ್ತ ಕೂತ. ತುಂಡಿಗೆ ಹೇಳಿದ ಹಾಗೆ ಹೇಳಿದ: "ನನಗ ತೊಗರಿ ಹನ್ನೊಂದು ಚೀಲ ಬರ್ತಿತ್ತು. ಹ್ವಾದ ವರ್ಷ ಏಳು. ಈ ವರ್ಷ ನಾಕೂವರಿ. ಕಾಲಮಾನ ಅಂತ ಸುಮ್ನಿದ್ದೆ."

"ಮೊದಲ ಯಾಕ ಹೇಳಲಿಲ್ಲೋ?" ಎಂದ ತೋಟಪ್ಪಜ್ಜ.

"ಅಜ್ಜಾ, ಮೊದಲ ನನ್ನ ಹೊಲಕ್ಕ ಯಾರು ಬರ್ತಿದ್ರು? ಊರ ಕಡೀ ಹೊಲ ಅದು. ಈಗ ಲಗ್ನ ಅಲ್ಲೇ ಆಗ್ತಾವ, ಹುಡುಗರು ಅಲ್ಲೇ ಆಡ್ತಾವ. ಹೇಳಿದ್ರ ನೀವೆಲ್ಲಾ ಎದ್ದು ಹೋಗ್ತಿದ್ರಿ."

ನಾನೂ ಅಲ್ಲಿ ಕೂತು ಉಂಡವಳೇ.

ತೋಟಪ್ಪಜ್ಜ ಕೋಲು ಕುಟ್ಟಿ, "ಕೈ ಎತ್ರಿ," ಎಂದ. ಎಣ್ಣಿ ಬೇಡ ಎಂದು ಮೊದಲು ಎದ್ದ ಕೈ ನೀಲಕ್ಕನದು. ಎರಡನೆಯದು, ಸ್ವಲ್ಪ ತಡವಾಗಿ, ಅಡಿವೆಪ್ಪನದು. ಒಲ್ಲದ ಮನಸ್ಸಿನಿಂದ ಎಲ್ಲರಿಗಿಂತ ಕೊನೆಗೆ ಎದ್ದದ್ದು ತೋಟಪ್ಪಜ್ಜನದು. "ನನ್ನ ಬೆನ್ನಿಗೆ ಕೇಳಿದ್ರ ಬ್ಯಾರೆ ಹೇಳತಿತ್ತು," ಎಂದ.

ಸೋಮವಾರ ಗಾಡಿ ಬಂತು. ಬೇಡವೆಂದು ಹೇಳಿದೆವು. ಡ್ರೈವರ್ ಬೈಯುತ್ತ ಚಹಾ ಕುಡಿಯಲು ಇಳಿದು ಟವೆಲ್ ಕೆಳಗಿಟ್ಟ. ಚಹಾ ಮುಗಿಯುವಷ್ಟರಲ್ಲಿ ಟವೆಲ್ ಇರಲಿಲ್ಲ. ಅವನೂ ಬೇಗ ಹೊರಟುಹೋದ.

ಆಮೇಲಿನ ಕೆಲಸ ನಿಧಾನದ್ದು. ಬಿಳಿ ಚೀಲಗಳನ್ನೆಲ್ಲ ಕೂಡಿಸಿ ಕಲ್ಲಿನ ಕೋಣೆಯಲ್ಲಿ ಬೀಗ ಹಾಕಿಟ್ಟೆವು. ಅಡಿವೆಪ್ಪನ ಹೊಲಕ್ಕೂ ನೀಲಕ್ಕನ ಹೊಲಕ್ಕೂ ನಡುವೆ ಆಳವಾಗಿ ಕಂದಕ ತೋಡಿ ನೀರು ತಡೆದೆವು. ಹನ್ನೆರಡು ಹೊಲದವರು ಮನೆಗೊಂದು ಬುಟ್ಟಿಯ ಹಾಗೆ ಓಡಾಡುವ ಮಣ್ಣು ತಂದು ಅಡಿವೆಪ್ಪನ ಹೊಲಕ್ಕೆ ಚೆಲ್ಲಿದರು. ಗೊಣಗುತ್ತ ತಂದರು, ಆದರೂ ತಂದರು. ಈಗ ಪ್ರತಿ ವರ್ಷ ಮೊದಲ ಮಳೆಯ ಮೇಲೆ ನೂರು ಎಳೆಯ ತುಂಡು ಹುಗಿಯುತ್ತೇವೆ. ಎಣಿಸುವವನು ಅಡಿವೆಪ್ಪ. ಆ ಕೆಲಸಕ್ಕೆಂದು ಜನ ಅವನ ಮನೆಗೆ ಬರುತ್ತಾರೆ, ಅವನು ಎಲ್ಲರಿಗೂ ಚಹಾ ಕೊಡುತ್ತಾನೆ.

ಇದು ಮೂರನೆಯ ವರ್ಷ. ನೀಲಕ್ಕನ ಬದುವಿನ ಮಣ್ಣು ಮೊದಲು ನೂರರಲ್ಲಿ ನಾಲ್ಕು ಎಳೆ ತಿಂದದ್ದು ಈ ವರ್ಷ ಐವತ್ತೆರಡು ತಿಂದಿತು. ಅಡಿವೆಪ್ಪನ ಹೊಲ ಹದಿಮೂರು ತಿಂದಿತು. ಅಂದರೆ ನೆಲದ ಮೇಲೆ ಕೂತು ಉಣ್ಣುವ ಜಾಗ ಊರಿಗೆ ಇನ್ನಿಲ್ಲ. ತೋಟಪ್ಪಜ್ಜ ಹೋದ ಚಳಿಗಾಲದಲ್ಲಿ ಕಲ್ಲಿನ ಮೇಲೆ ಮಲಗಿಯೇ ತೀರಿಕೊಂಡ. ನಾನು ಕೆಡಿಸಿದ ಇಪ್ಪತ್ನಾಲ್ಕು ಅಂಗೈ ಮಣ್ಣಿನಲ್ಲಿ ಹದಿನೇಳು ಮತ್ತೆ ತಿನ್ನತೊಡಗಿವೆ. ಏಳು ಇನ್ನೂ ಇಲ್ಲ.